ಹೊಲಶೊವಿತ್ಸೆ: ದಕ್ಷಿಣ ಬೊಹಿಮಿಯದ ಒಂದು ಹಳ್ಳಿಯ ನೆಲೆಯೂ ನಿವಾಸಿಗಳೂ

ಹಳ್ಳಿಯ ಆಕಾರವನ್ನು ಕಂಡು ಅದನ್ನು ಕಟ್ಟಿದ ಜನಾಂಗ ಯಾವುದೆಂದು ಹೇಳಬಹುದೆಂಬ ಮತ ಯೂರೋಪಿನ ವಿದ್ವಾಂಸರಲ್ಲಿ ಬಹುಕಾಲ ಪ್ರಬಲವಾಗಿತ್ತು. ಜರ್ಮನಿಯ ಆಗಸ್ಟ್ ಮೈಟ್ಸೆನ್ 1895ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥ ಈ ಮತಕ್ಕೆ ಶಾಸ್ತ್ರದ ಬೆಂಬಲವನ್ನು ಒದಗಿಸಿತು. ಜರ್ಮಾನಿಕರು, ಕೆಲ್ಟರು, ರೋಮನರು, ಫಿನ್ನರು, ಸ್ಲಾವರು, ಇವರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಆದ ಊರಿನ ಕಟ್ಟು, ತಮ್ಮದೇ ಆದ ಹೊಲದ ಹಂಚಿಕೆ ಇತ್ತೆಂಬುದು ಆತನ ವಾದದ ತಿರುಳು. ಆಮೇಲಿನ ಸಂಶೋಧನೆ ಈ ವಾದವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಆದರೂ ಅದರ ನೆರಳು ಪೂರ್ತಿ ಸರಿದಿಲ್ಲ. ‘ಸ್ಲಾವ್ ಹಳ್ಳಿ’, ‘ಜರ್ಮನ್ ಹಳ್ಳಿ’ ಎಂಬ ಹೆಸರುಗಳನ್ನು ವಿದ್ಯಾರ್ಥಿಗಳು ಪ್ರಶ್ನಿಸದೆ ಬರೆದುಕೊಳ್ಳುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಈ ಬಗೆಯ ಹೆಸರುಗಳು ಎಷ್ಟು ಭಾರವನ್ನು ಹೊರಬಲ್ಲವೆಂಬುದನ್ನು ಪರೀಕ್ಷಿಸಲು ಇಲ್ಲಿ ಒಂದೇ ಒಂದು ಹಳ್ಳಿಯನ್ನು ಆರಿಸಿಕೊಂಡಿದ್ದೇವೆ. ಅದರ ಹೆಸರು ಹೊಲಶೊವಿತ್ಸೆ. ಜನಸಂಖ್ಯೆ ನೂರೈವತ್ತರ ಆಸುಪಾಸಿನಲ್ಲಿದೆ. ಆಡಳಿತದ ಲೆಕ್ಕದಲ್ಲಿ ಅದು ಸ್ವತಂತ್ರ ಗ್ರಾಮವೂ ಅಲ್ಲ, ಯಾಂಕೊವ್ ಎಂಬ ಊರಿಗೆ ಸೇರಿದ ಒಂದು ಭಾಗ. ಯಾವ ದೊಡ್ಡ ಯುದ್ಧವೂ ಅಲ್ಲಿ ನಡೆಯಲಿಲ್ಲ, ಯಾವ ಪ್ರಸಿದ್ಧ ಪುರುಷನೂ ಅಲ್ಲಿ ಹುಟ್ಟಿದನೆಂದು ಇತಿಹಾಸ ಹೇಳುವುದಿಲ್ಲ. ಆದರೆ ಈ ಪುಟ್ಟ ಹಳ್ಳಿಯಲ್ಲಿ ಜನವಸತಿ ಒಮ್ಮೆಯಲ್ಲ, ಎರಡು ಬಾರಿ ಹೆಚ್ಚುಕಡಮೆ ಬುಡಮಟ್ಟ ಬದಲಾಯಿತು. ಎರಡು ಬಾರಿಯೂ ಊರಿನ ನಕ್ಷೆ ಮಾತ್ರ ಹಾಗೆಯೇ ನಿಂತಿತು. ನೆಲೆಯ ಚರಿತ್ರೆ ಬೇರೆ, ನಿವಾಸಿಗಳ ಚರಿತ್ರೆ ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ಮಧ್ಯ ಯೂರೋಪಿನಲ್ಲಿಯೂ ವಿರಳ.

ಮೊದಲು ನೆಲದ ಮಾತು. ಹೊಲಶೊವಿತ್ಸೆ ಇರುವುದು ಜೆಕ್ ಗಣರಾಜ್ಯದ ದಕ್ಷಿಣ ಬೊಹಿಮಿಯದಲ್ಲಿ, ಚೆಸ್ಕೆ ಬುಡ್ಯೆಯೊವಿತ್ಸೆ ನಗರಕ್ಕೆ ಪಶ್ಚಿಮವಾಗಿ ಸುಮಾರು 15 ಕಿಲೋಮೀಟರ್ ದೂರದಲ್ಲಿ, 49ನೆಯ ಉತ್ತರ ಅಕ್ಷಾಂಶದ ಗೆರೆಗೆ ತುಸು ಕೆಳಗೆ. ಜರ್ಮನರು ಬುಡ್ವೈಸ್ ಎಂದು ಕರೆಯುವ ಆ ನಗರವನ್ನು ಬೊಹಿಮಿಯದ ದೊರೆ ಎರಡನೆಯ ಪ್ಶೆಮಿಸ್ಲ್ ಓಟಕಾರ್ 1265ರಲ್ಲಿ ವಲ್ಟಾವಾ ಮತ್ತು ಮಾಲ್ಶೆ ನದಿಗಳ ಸಂಗಮದಲ್ಲಿ ಕಟ್ಟಿಸಿದನು. (ಹಳೆಯ ತಲೆಮಾರಿನ ನಮ್ಮ ಓದುಗರು ಬಲ್ಲ ‘ಕೋಹಿನೂರ್’ ಪೆನ್ಸಿಲು ಈ ಊರಿನ ಹಾರ್ಟ್‌ಮುತ್ ಕಾರ್ಖಾನೆಯದು. ಭಾರತದ ವಜ್ರವೊಂದರ ಹೆಸರು ಬೊಹಿಮಿಯದ ಸೀಸದ ಕಡ್ಡಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ.) ನಗರದ ಸುತ್ತ ಹಬ್ಬಿರುವ ತಗ್ಗುನಾಡು ಭೂವಿಜ್ಞಾನದ ದೃಷ್ಟಿಯಿಂದ ಒಂದು ಬೋಗುಣಿ. ಪ್ರಾಚೀನವಾದ ಸ್ಫಟಿಕಶಿಲೆಗಳ ತಳದ ಮೇಲೆ ಕ್ರಿಟೇಷಸ್ ಮತ್ತು ಟರ್ಷಿಯರಿ ಕಾಲಗಳ ಮರಳು, ಜೇಡಿ, ಮಣ್ಣುಗಳು ಪದರಪದರವಾಗಿ ತುಂಬಿಕೊಂಡಿವೆ. ದಕ್ಷಿಣಕ್ಕೆ ಬ್ಲಾನ್ಸ್ಕಿ ಲೆಸ್ ಎಂಬ ಕಾಡುಬೆಟ್ಟಗಳ ಸಾಲು ಥಟ್ಟನೆ ಮೇಲೆದ್ದು ಕ್ಲೆತ್ ಶಿಖರದಲ್ಲಿ 1,080 ಮೀಟರಿಗೂ ಹೆಚ್ಚಿನ ಎತ್ತರವನ್ನು ಮುಟ್ಟುತ್ತದೆ. ತಗ್ಗು ಮುಗಿದು ಬೆಟ್ಟದ ತಪ್ಪಲು ತೊಡಗುವ ಅಂಚಿನಲ್ಲಿ, ಸಮುದ್ರಮಟ್ಟಕ್ಕೆ ನಾನೂರು ಮೀಟರಿಗೆ ಮೇಲ್ಪಟ್ಟು, ನಮ್ಮ ಹಳ್ಳಿ ಕುಳಿತಿದೆ.

ಈ ಅಂಚಿನ ನೆಲೆ ಅರ್ಥವಿಲ್ಲದ್ದಲ್ಲ. ಬೋಗುಣಿಯ ನಡುಭಾಗ ಜೌಗು. ಜೆಕ್ ಭಾಷೆಯಲ್ಲಿ ಆ ಸೀಮೆಗೆ ‘ಬ್ಲಾತಾ’ ಎಂಬ ಹೆಸರೇ ಇದೆ. ಕೆಸರುನಾಡು ಎಂದು ಅದರ ಅರ್ಥ. ಮಧ್ಯಯುಗದ ಕೊನೆಯಲ್ಲಿ ಶ್ರೀಮಂತರೂ ಮಠಗಳೂ ಆ ಜೌಗಿಗೆ ಏರಿ ಹಾಕಿ ಕೆರೆಗಳನ್ನು ಕಟ್ಟಿಸಿ, ಕಾರ್ಪ್ ಮೀನನ್ನು ಸಾಕಿಸಿ ಹಣ ಗಳಿಸಿದರು. ಹ್ಲುಬೊಕಾ ಬಳಿಯ ಬೆಜ್‌ಡ್ರೆವ್ ಕೆರೆ ಈ ಬೋಗುಣಿಯಲ್ಲಿಯೇ ಇದೆ. ನೆರೆಯ ತ್ಶೆಬೊನ್ ತಗ್ಗಿನಲ್ಲಿ 1584ರಿಂದ 1590ರವರೆಗೆ ಕಟ್ಟಿದ ರೋಜ್ಮ್‌ಬೆರ್ಕ್ ಕೆರೆಯಂತೂ ಆ ದೇಶಕ್ಕೆಲ್ಲ ದೊಡ್ಡದು. ನೀರು ನಿಲ್ಲುವ ಕಡೆ ಮೀನು, ನೀರು ಬಸಿಯುವ ಕಡೆ ಬೇಸಾಯ ಎಂಬುದು ಇಲ್ಲಿನ ಸಹಜ ವಿಭಾಗ. ಹೊಲಶೊವಿತ್ಸೆ ಎರಡನೆಯ ಬಗೆಯ ನೆಲದಲ್ಲಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಬೇಸಗೆಯಲ್ಲಿ. ಸರಾಸರಿ ಉಷ್ಣತೆ 8 ಡಿಗ್ರಿ ಸೆಲ್ಷಿಯಸ್ಸಿನ ಸುತ್ತಮುತ್ತ. ಜನವರಿಯಲ್ಲಿ ನೆಲ ಹೆಪ್ಪುಗಟ್ಟುತ್ತದೆ. ರೈ, ಓಟ್ಸ್, ಬಾರ್ಲಿ, ಹದಿನೆಂಟನೆಯ ಶತಮಾನದಿಂದೀಚೆಗೆ ಆಲೂಗೆಡ್ಡೆ, ಇವು ಇಲ್ಲಿ ಒಗ್ಗಿಕೊಂಡ ಬೆಳೆಗಳು. ನೆಲ ಅತಿ ಫಲವತ್ತಾದದ್ದಲ್ಲ, ಬರಡೂ ಅಲ್ಲ. ಬೋಗುಣಿಯ ಜೇಡಿಮಣ್ಣಿನಿಂದ ಒಳ್ಳೆಯ ಇಟ್ಟಿಗೆಯಾಗುತ್ತದೆಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಇನ್ನೊಂದು ಭೌಗೋಳಿಕ ಸಂಗತಿಯೂ ಉಂಟು. ಇಲ್ಲಿನ ಹಳ್ಳಗಳೆಲ್ಲ ಉತ್ತರಕ್ಕೆ ಹರಿದು ವಲ್ಟಾವಾ ನದಿಯನ್ನೂ ಅದರ ಮೂಲಕ ಎಲ್ಬ್ ನದಿಯನ್ನೂ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತವೆ. ಒಂದೆರಡು ದಿನ ನಡೆದು ದಕ್ಷಿಣದ ಬೆಟ್ಟಗಳನ್ನು ದಾಟಿದರೆ ಡ್ಯಾನ್ಯೂಬಿನ ಸೀಮೆ; ಅಲ್ಲಿನ ನೀರು ಕಪ್ಪು ಸಮುದ್ರಕ್ಕೆ. ಭಾಷೆಯ ಗಡಿ ಈ ಜಲವಿಭಜಕದ ಆಚೀಚೆ ಶತಮಾನಗಳ ಕಾಲ ಓಲಾಡುತ್ತಿತ್ತು. ಬುಡ್ಯೆಯೊವಿತ್ಸೆ ನಗರವೂ ಅದರ ಸುತ್ತಣ ಕೆಲವು ಹಳ್ಳಿಗಳೂ ಜೆಕ್ ಭಾಷೆಯ ಸೀಮೆಯ ನಡುವೆ ಜರ್ಮನ್ ಮಾತಿನ ಒಂದು ದ್ವೀಪವಾಗಿದ್ದವು.

ಹಳ್ಳಿಯ ಹೆಸರು ಲಿಖಿತ ದಾಖಲೆಯಲ್ಲಿ ಮೊದಲು ಕಾಣಿಸುವುದು 1263ರಲ್ಲಿ. 1292ರಲ್ಲಿ ದೊರೆ ಎರಡನೆಯ ವಾತ್ಸ್ಲಾವ್ ಅದನ್ನು ವಿಶ್ಶಿ ಬ್ರೋದ್ ಎಂಬಲ್ಲಿನ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠಕ್ಕೆ ದತ್ತಿಯಾಗಿ ಕೊಟ್ಟನು. ಆ ಮಠ 1259ರಲ್ಲಿ ರೋಜ್ಮ್‌ಬೆರ್ಕ್ ಮನೆತನದವರಿಂದ ಸ್ಥಾಪಿತವಾದದ್ದು. ಅದರ ಮೊದಲ ಸನ್ಯಾಸಿಗಳು ಬಂದದ್ದು ಆಸ್ಟ್ರಿಯದ ಲಿಂಟ್ಸ್ ಬಳಿಯ ವಿಲ್‌ಹೆರಿಂಗ್ ಮಠದಿಂದ. ಅಂದಿನಿಂದ 1848ರವರೆಗೆ, ಎಂದರೆ ಐದೂವರೆ ಶತಮಾನಗಳಿಗೂ ಮೇಲ್ಪಟ್ಟು, ಹೊಲಶೊವಿತ್ಸೆಯ ಒಡೆತನ ಒಂದೇ ಕೈಯಲ್ಲಿತ್ತು. ಯೂರೋಪಿನ ಹಳ್ಳಿಗಳು ದೊರೆಯಿಂದ ಪಾಳೆಯಗಾರನಿಗೆ, ಪಾಳೆಯಗಾರನಿಂದ ಸಾಲಗಾರನಿಗೆ ಕೈಬದಲಾಯಿಸುತ್ತಿದ್ದ ಕಾಲದಲ್ಲಿ ಈ ಸ್ಥಿರತೆ ಗಮನಾರ್ಹ. ನಕ್ಷೆ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಮಠಕ್ಕೆ ಬೇಕಾಗಿದ್ದದ್ದು ನಿಯತವಾದ ಗೇಣಿ. ಊರನ್ನು ಕೆಡವಿ ಹೊಸದಾಗಿ ಕಟ್ಟುವ ಉತ್ಸಾಹ ಅದಕ್ಕೆ ಇರಲು ಕಾರಣವಿರಲಿಲ್ಲ.

ಆ ನಕ್ಷೆ ಯಾವುದು? ಊರಿನ ನಡುವೆ ಉದ್ದವಾದ ಒಂದು ಬಯಲು, ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲ. ಜೆಕ್ ಮಾತಿನಲ್ಲಿ ಇದು ‘ನಾವೆಸ್’. ನಾವು ಊರಬಯಲು ಎನ್ನೋಣ. ಅದರ ಪೂರ್ವ ಪಶ್ಚಿಮ ಬದಿಗಳಲ್ಲಿ ಒಕ್ಕಲುಮನೆಗಳು ಒಂದರ ಪಕ್ಕದಲ್ಲಿ ಒಂದು, ಮೋರೆಯನ್ನು ಬಯಲಿಗೆ ತಿರುಗಿಸಿ ನಿಂತಿವೆ. ಬಯಲಿನಲ್ಲಿ ಒಂದು ಕೊಳ, ಒಂದು ಚಿಕ್ಕ ಗುಡಿ, ಒಂದು ಶಿಲುಬೆ, ಕಮ್ಮಾರನ ಕುಲುಮೆ. ಒಂದೊಂದು ಮನೆಯ ಹಿಂದೆಯೂ ಅಂಗಳ, ಅಂಗಳದ ಹಿಂದೆ ತೆನೆಯ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ತೋಟ, ಅದರಾಚೆಗೆ ಹೊಲ. ಮನೆಯ ಅಗಲವೇ ಹಿತ್ತಲಿನ ಅಗಲ. ಇಂಥ ಊರನ್ನು ತಾನಾಗಿ ಬೆಳೆದದ್ದೆನ್ನಲಾಗದು. ಯಾರೋ ಹಗ್ಗ ಹಿಡಿದು ಅಳೆದು ಹಂಚಿದ್ದು.

ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಮಧ್ಯ ಯೂರೋಪಿನಲ್ಲೆಲ್ಲ ಇಂಥ ಅಳತೆ ನಡೆಯಿತು. ಭೂಮಿಯ ಒಡೆಯನಾದ ದೊರೆಯೋ ಮಠವೋ ಶ್ರೀಮಂತನೋ ಒಬ್ಬ ಗುತ್ತಿಗೆದಾರನನ್ನು ನೇಮಿಸುತ್ತಿದ್ದನು. ‘ಲೋಕಾತೊರ್’ ಎಂದು ಅವನ ಬಿರುದು. ಅವನು ಒಕ್ಕಲುಗಳನ್ನು ಕರೆತಂದು, ಕಾಡನ್ನು ಕಡಿಸಿ, ಪಾಲುಗಳನ್ನು ಅಳೆದು ಕೊಡುತ್ತಿದ್ದನು. ಒಕ್ಕಲಿಗೆ ದೊರೆಯುತ್ತಿದ್ದದ್ದು ಶಾಶ್ವತ ಗೇಣಿಯ ಹಕ್ಕು: ಗೊತ್ತುಮಾಡಿದ ಹಣವನ್ನೂ ಧಾನ್ಯವನ್ನೂ ಸಲ್ಲಿಸುವವರೆಗೆ ಹೊಲ ಅವನದು, ಅವನ ಮಕ್ಕಳದು. ಈ ಏರ್ಪಾಡಿಗೆ ‘ಜರ್ಮನ್ ಕಾನೂನು’ ಎಂಬ ಹೆಸರು ಬಿದ್ದದ್ದರಿಂದ ಮೈಟ್ಸೆನ್ನನ ಕಾಲದವರು ಅಳೆದ ಹಳ್ಳಿಯೆಲ್ಲವೂ ಜರ್ಮನರದೆಂದು ಎಣಿಸಿದರು. ಅದು ಸಲ್ಲದು. ಕಾನೂನು ಒಂದು ಒಪ್ಪಂದದ ಹೆಸರೇ ಹೊರತು ಒಪ್ಪಿಕೊಂಡವರ ಕುಲದ ಹೆಸರಲ್ಲ. ಜೆಕ್ ಮಾತನಾಡುವ ಒಕ್ಕಲುಗಳೂ ಅದೇ ಷರತ್ತಿನ ಮೇಲೆ ಅದೇ ಬಗೆಯ ಊರಬಯಲಿನ ಸುತ್ತ ನೆಲಸಿದರು.

ಹೆಸರು ಮಾತ್ರ ಸ್ಪಷ್ಟವಾಗಿ ಸ್ಲಾವ್ ಮೂಲದ್ದು. ‘ಒವಿತ್ಸೆ’ ಎಂದು ಮುಗಿಯುವ ಜೆಕ್ ಊರುಗಳ ಹೆಸರುಗಳಲ್ಲಿ ಆ ಪ್ರತ್ಯಯ ಒಬ್ಬ ವ್ಯಕ್ತಿಯ ಕಡೆಯ ಜನರನ್ನು ಸೂಚಿಸುತ್ತದೆ. ಹೊಲಶೊವಿತ್ಸೆ ಎಂದರೆ ಹೊಲಶ್ ಎಂಬವನ ಮನೆಯವರ ಊರು. ಆ ಹೊಲಶ್ ಯಾರಾದರೂ ಆಗಿರಲಿ, ಅವನ ಹೆಸರು ಅವನ ವಂಶಕ್ಕಿಂತ ಬಹುಕಾಲ ಬಾಳಿತು.

ಏಕೆಂದರೆ 1520ರಿಂದ 1525ರವರೆಗಿನ ವರ್ಷಗಳಲ್ಲಿ ಹಳ್ಳಿಗೆ ಪ್ಲೇಗು ತಗುಲಿತು. ಉಳಿದವರು ಇಬ್ಬರೇ. ಆ ಇಬ್ಬರು ಯಾರು, ಗಂಡಸರೋ ಹೆಂಗಸರೋ, ಆಮೇಲೆ ಅಲ್ಲಿಯೇ ಬಾಳಿದರೋ ಹೊರಟುಹೋದರೋ ಎಂದು ಕೇಳಬೇಕೆನಿಸುತ್ತದೆ. ಲೆಕ್ಕಪತ್ರಗಳ ಕಾಳಜಿ ಅದಲ್ಲ. ಮಠದ ದೃಷ್ಟಿಯಿಂದ ಸಂಗತಿ ಹೀಗಿತ್ತು: ಅಳೆದ ಪಾಲುಗಳಿವೆ, ಗೇಣಿ ಕೊಡುವ ಕೈಗಳಿಲ್ಲ. ಮೂಲದಿಂದಲೇ ಡ್ಯಾನ್ಯೂಬಿನ ಸೀಮೆಯೊಡನೆ ಸಂಬಂಧವಿದ್ದ ಆ ಮಠ ಬವೇರಿಯ ಮತ್ತು ಆಸ್ಟ್ರಿಯಗಳಿಂದ ಹೊಸ ಒಕ್ಕಲುಗಳನ್ನು ಬರಮಾಡಿಕೊಂಡಿತು. 1530ರ ವೇಳೆಗೆ ದಾಖಲೆಯಲ್ಲಿ ಹದಿನೇಳು ಎಂಬ ಸಂಖ್ಯೆ ಕಾಣುತ್ತದೆ. ಇದನ್ನು ಹದಿನೇಳು ತಲೆಗಳೆಂದು ಓದುವುದಕ್ಕಿಂತ ಹದಿನೇಳು ಒಕ್ಕಲುಗಳೆಂದು ಓದುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆ ಕಾಲದ ಗೇಣಿಪಟ್ಟಿಗಳು ಎಣಿಸುತ್ತಿದ್ದದ್ದು ಕೊಡುವವರನ್ನು, ಉಣ್ಣುವವರನ್ನಲ್ಲ.

ಹೀಗೆ ಐದಾರು ವರ್ಷಗಳ ಅವಧಿಯಲ್ಲಿ ಜೆಕ್ ಹಳ್ಳಿ ಜರ್ಮನ್ ಹಳ್ಳಿಯಾಯಿತು. ಆದರೆ ಬದಲಾದದ್ದು ಏನೇನು? ಹೊಸಬರು ಹಳೆಯ ಪಾಲುಗಳಲ್ಲಿಯೇ ಇಳಿದರು. ಊರಬಯಲು ಅದೇ. ಹೊಲದ ಪಟ್ಟಿಗಳು ಅವೇ. ಹೆಸರನ್ನು ಕೂಡ ಅವರು ಬಿಸಾಡಲಿಲ್ಲ, ತಮ್ಮ ನಾಲಗೆಗೆ ಬಗ್ಗಿಸಿ ಹೋಲ್‌ಶೊವಿಟ್ಸ್ ಎಂದು ಮಾಡಿಕೊಂಡರು. ಇಲ್ಲಿ ವಿಶ್ಶಿ ಬ್ರೋದ್ ಎಂಬ ಮಠದ ಊರಿನೊಡನೆ ಹೋಲಿಸಿ ನೋಡುವುದು ಉಚಿತ. ಆ ಊರಿಗೆ ಜರ್ಮನಿನಲ್ಲಿ ಹೋಹೆನ್‌ಫುರ್ತ್ ಎಂದು ಹೆಸರು. ಎರಡರ ಅರ್ಥವೂ ಒಂದೇ, ಮೇಲಣ ಹಾಯಿಗಡ. ಎರಡು ಭಾಷೆಯ ಜನ ಅಕ್ಕಪಕ್ಕದಲ್ಲಿ ಬಾಳಿ, ಒಬ್ಬರ ಮಾತು ಒಬ್ಬರಿಗೆ ತಿಳಿದಿದ್ದ ಕಡೆ ಹೆಸರು ಹೀಗೆ ಅನುವಾದವಾಗುತ್ತದೆ. ಹೊಲಶೊವಿತ್ಸೆಯಲ್ಲಿ ಅರ್ಥ ಹೇಳಿಕೊಡಬಲ್ಲವರೇ ಉಳಿದಿರಲಿಲ್ಲ. ಬರಿಯ ಧ್ವನಿ ದಾಟಿತು. ಇದು ನಮ್ಮ ಊಹೆ. ಆದರೆ ವ್ಯಕ್ತಿನಾಮಗಳು ಸಾಮಾನ್ಯವಾಗಿ ಅನುವಾದಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪಕ್ಕೂ ಇಲ್ಲಿ ಎಡೆಯಿದೆಯೆಂದು ಒಪ್ಪುತ್ತೇವೆ.

ಮುಂದಿನ ಎರಡು ಶತಮಾನಗಳನ್ನು ಬೇಗ ದಾಟಬಹುದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಮಾತ್ರ ಹಳ್ಳಿಯ ಮುಖ ಬದಲಾಗತೊಡಗಿತು. 1755ರಲ್ಲಿ ಊರಬಯಲಿನಲ್ಲಿ ನೆಪೊಮುಕ್‌ನ ಸಂತ ಯೋಹಾನನ ಗುಡಿ ಎದ್ದಿತು. ಈತ 1393ರಲ್ಲಿ ದೊರೆಯ ಆಜ್ಞೆಯಿಂದ ಪ್ರಾಗಿನಲ್ಲಿ ವಲ್ಟಾವಾ ನದಿಗೆ ಎಸೆಯಲ್ಪಟ್ಟ ಪಾದ್ರಿ. 1729ರಲ್ಲಿ ರೋಮ್ ಆತನನ್ನು ಸಂತನೆಂದು ಘೋಷಿಸಿತು. ಬೊಹಿಮಿಯದ ಸೇತುವೆಗಳ ಮೇಲೆ, ಊರಬಯಲುಗಳಲ್ಲಿ ಆತನ ಪ್ರತಿಮೆಗಳು ಲೆಕ್ಕವಿಲ್ಲದಷ್ಟಿವೆ. ಜೆಕ್ ಮಾತನಾಡುವವರೂ ಜರ್ಮನ್ ಮಾತನಾಡುವವರೂ ಸಮಾನವಾಗಿ ಪೂಜಿಸಿದ ಸಂತನೀತ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಗುಡಿಯ ಮುಂಗೋಡೆಯ ಮೇಲ್ಭಾಗ ಗಂಟೆಯ ಆಕಾರದಲ್ಲಿ ಬಾಗಿ ಮೇಲೇರುತ್ತದೆ. ಆ ಬಾಗು ಮುಂದೆ ಮನೆಗಳಿಗೂ ಹಬ್ಬಿತು.

ಮನೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದಕ್ಕೆ ಮುಂಚಿನ ಕಟ್ಟಡಗಳು ಹೆಚ್ಚಾಗಿ ಮರದವು. ಮರದ ಮನೆ, ಹುಲ್ಲಿನ ಮಾಡು, ಒಳಗೆ ಸದಾ ಉರಿಯುವ ಒಲೆ. ಒಂದು ಕಿಡಿ ಸಾಕು. ಮರಿಯಾ ತೆರೇಸಾ ಮತ್ತು ಆಕೆಯ ಮಗ ಎರಡನೆಯ ಯೋಸೆಫನ ಆಳ್ವಿಕೆಯಲ್ಲಿ ಸರಕಾರ ಬೆಂಕಿಯ ಭಯದಿಂದ ಕಲ್ಲು, ಇಟ್ಟಿಗೆಗಳ ಬಳಕೆಯನ್ನು ಒತ್ತಾಯಿಸಿತು. 1781ರಲ್ಲಿ ಯೋಸೆಫ್ ರೈತನನ್ನು ಒಡೆಯನ ಭೂಮಿಗೆ ಕಟ್ಟಿಹಾಕಿದ್ದ ಬಂಧನವನ್ನು ತೆಗೆದುಹಾಕಿದನು. 1848ರಲ್ಲಿ ಬಿಟ್ಟಿಬೇಗಾರಿಯೂ ಮಠದ ಒಡೆತನವೂ ಕೊನೆಗಂಡು, ಹೊಲ ಉಳುವವನ ಸ್ವತ್ತಾಯಿತು. ಕೈಯಲ್ಲಿ ಹಣವಾಡಿತು, ಜೇಡಿಮಣ್ಣು ಕಾಲಡಿಯಲ್ಲೇ ಇತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಆದಿಯವರೆಗೆ ಊರಬಯಲಿನ ಸುತ್ತಣ ಇಪ್ಪತ್ತಮೂರು ಒಕ್ಕಲುಮನೆಗಳು ಒಂದೊಂದಾಗಿ ಇಟ್ಟಿಗೆಯಲ್ಲಿ ಮರುಹುಟ್ಟು ಪಡೆದವು.

ಒಂದು ಒಕ್ಕಲುಮನೆಯ ಮುಂದೆ ನಿಂತಂತೆ ಕಲ್ಪಿಸಿಕೊಳ್ಳೋಣ. ಎಡಗಡೆ ವಾಸದ ಮನೆ, ಬಲಗಡೆ ಕಣಜ ಅಥವಾ ಇನ್ನೊಂದು ಚಿಕ್ಕ ಮನೆ, ನಡುವೆ ಎತ್ತರವಾದ ಗೋಡೆ, ಆ ಗೋಡೆಯಲ್ಲಿ ಗಾಡಿ ಹೋಗುವಷ್ಟು ದೊಡ್ಡ ಕಮಾನುಬಾಗಿಲು, ಅದರ ಪಕ್ಕದಲ್ಲಿ ಆಳು ಹೋಗುವ ಕಿರುಬಾಗಿಲು. ಬಾಗಿಲು ತೆರೆದರೆ ಉದ್ದನೆಯ ಅಂಗಳ. ಎರಡು ಬದಿಗೂ ದನದ ಹಟ್ಟಿ, ಕುದುರೆಯ ಲಾಯ, ಉಗ್ರಾಣಗಳು ಹಿಂದಕ್ಕೆ ಸಾಗುತ್ತವೆ. ಕೊನೆಯಲ್ಲಿ ಅಡ್ಡಲಾಗಿ ನಿಲ್ಲುವ ತೆನೆಯ ಕೊಟ್ಟಿಗೆ ಅಂಗಳವನ್ನು ಮುಚ್ಚುತ್ತದೆ. ಮಳೆಯ ನಾಡಾದ್ದರಿಂದ ಒಕ್ಕಣೆ ಅದರೊಳಗೇ ನಡೆಯಬೇಕು. ಎಲ್ಲ ಮನೆಗಳೂ ಅಚ್ಚುಹಾಕಿದಂತೆ ಒಂದೇ ಅಲ್ಲ, ಆದರೆ ಮೂಲಸೂತ್ರ ಇದು.

ಬಯಲಿಗೆ ಮುಖಮಾಡಿರುವುದು ಮಾಡಿನ ಇಳಿಜಾರಲ್ಲ, ಇಳಿಜಾರುಗಳ ನಡುವೆ ಉಳಿಯುವ ಮುಕ್ಕೋನದ ಗೋಡೆ. ರೈತ ತನ್ನ ಸಿರಿಯನ್ನು ತೋರಿಸಿಕೊಂಡದ್ದು ಈ ಗೋಡೆಯ ಮೇಲೆ. ಮುಕ್ಕೋನದ ಅಂಚುಗಳು ಸುರುಳಿಯಾಗಿ ಬಾಗುತ್ತವೆ. ಗೋಡೆಗಂಟಿದ ಚಪ್ಪಟೆ ಕಂಬಗಳು, ಹೂಬಳ್ಳಿಗಳು, ಗೂಡುಗಳು ಗಾರೆಯಲ್ಲಿ ಮೂಡಿವೆ. ಹಳದಿ, ಬಿಳಿ, ನಸುಗೆಂಪು, ತಿಳಿಹಸುರು, ನೀಲಿ ಬಣ್ಣಗಳು. ಹಲವು ಗೋಡೆಗಳಲ್ಲಿ ಕಟ್ಟಿದ ವರ್ಷವೂ ಇದೆ. ಇದನ್ನು ವಿದ್ವಾಂಸರು ‘ದಕ್ಷಿಣ ಬೊಹಿಮಿಯದ ಜಾನಪದ ಬರೋಕ್’ ಎನ್ನುತ್ತಾರೆ. ಅರಮನೆ, ಇಗರ್ಜಿಗಳಲ್ಲಿ ಬರೋಕ್ ಶೈಲಿ ಸಂದುಹೋಗಿ ಎರಡು ಮೂರು ತಲೆಮಾರು ಕಳೆದ ಮೇಲೆ ಅದು ಹಳ್ಳಿಗಾಡಿನ ಗಾರೆಕೆಲಸದವರ ಕೈಯಲ್ಲಿ ಅರಳಿತು. ಇದನ್ನು ಹಿಂದುಳಿದವರ ಅನುಕರಣೆಯೆಂದು ಹಗುರಾಗಿ ನುಡಿಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಇಗರ್ಜಿಯ ಮುಂಗೋಡೆಯ ಅಲಂಕಾರವನ್ನು ಕಣಜದ ಮುಂಗೋಡೆಗೆ ತಂದವನಿಗೆ ತಾನು ಮಾಡುತ್ತಿರುವುದೇನೆಂಬುದು ಚೆನ್ನಾಗಿ ತಿಳಿದಿತ್ತು. ಇದೇ ಬಗೆಯ ಮನೆಗಳು ಜೆಕ್ ಮಾತಿನ ಪ್ಲಾಸ್ತೊವಿತ್ಸೆ ಮುಂತಾದ ಬ್ಲಾತಾ ಸೀಮೆಯ ಹಳ್ಳಿಗಳಲ್ಲಿಯೂ ಇವೆ. ಕುಶಲಿಗಳು ಊರಿಂದೂರಿಗೆ ಹೋಗುತ್ತಿದ್ದರು. ಗಾರೆಗೆ ಭಾಷೆಯ ಗಡಿಯಿಲ್ಲ.

ಅಂಗಳದ ಬಲಗಡೆಯ ಚಿಕ್ಕ ಮನೆಯೆಂದೆವಷ್ಟೆ. ಜೆಕ್ ಮಾತಿನಲ್ಲಿ ಅದು ‘ವೀಮ್ನೆಕ್’. ಹೊಲವನ್ನು ಮಕ್ಕಳಲ್ಲಿ ಪಾಲುಹಾಕುವ ಪದ್ಧತಿ ಇಲ್ಲಿ ಇರಲಿಲ್ಲ. ಒಬ್ಬ ಮಗನಿಗೆ ಒಕ್ಕಲುತನವಿಡೀ ಹೋಗುತ್ತಿತ್ತು. ಉಳಿದವರಿಗೆ ಹಣ, ಅಥವಾ ಬೇರೆ ಊರಿನ ದಾರಿ. ಆಡಳಿತವನ್ನು ಮಗನಿಗೆ ಬಿಟ್ಟುಕೊಟ್ಟ ದಿನ ತಂದೆತಾಯಿ ದೊಡ್ಡ ಮನೆಯಿಂದ ಆ ಚಿಕ್ಕ ಮನೆಗೆ ಇಳಿಯುತ್ತಿದ್ದರು. ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ ಎಂದು ಬರೆಹದ ಕರಾರೇ ಆಗುತ್ತಿತ್ತು. ಪ್ರೀತಿಯ ಮೇಲೆ ಬಿಡಬೇಕಾದ್ದನ್ನು ಕಾಗದದ ಮೇಲೆ ಬರೆಯಿಸಿಕೊಂಡರಲ್ಲಾ ಎಂದು ನಮ್ಮವರಿಗೆ ವಿಚಿತ್ರವೆನಿಸಬಹುದು. ಆದರೆ ಊರಿನ ನಕ್ಷೆಯನ್ನು ಶತಮಾನಗಳ ಕಾಲ ಕಾಪಾಡಿದ ಮುಖ್ಯ ಬಲ ಈ ಕಾಗದವೇ. ಪಾಲಾಗದ ಹೊಲ, ಹೆಚ್ಚದ ಮನೆಗಳು. ಬಯಲಿನ ಸುತ್ತ ಹೊಸ ಮನೆ ನುಗ್ಗುವ ಅವಕಾಶವೇ ಇರಲಿಲ್ಲ.

1895ರ ಲೆಕ್ಕದಲ್ಲಿ ಹೊಲಶೊವಿತ್ಸೆಯಲ್ಲಿ 157 ಮಂದಿ ಜರ್ಮನರೂ 19 ಮಂದಿ ಜೆಕ್ಕರೂ ಇದ್ದರು. ಮೈಟ್ಸೆನ್ನನ ಗ್ರಂಥ ಪ್ರಕಟವಾದದ್ದು ಅದೇ ವರ್ಷ. ಆತನ ಸೂತ್ರವನ್ನು ಹಿಡಿದು ಅಂದು ಯಾರಾದರೂ ಇಲ್ಲಿಗೆ ಬಂದಿದ್ದರೆ ಅಳೆದ ಊರಬಯಲನ್ನೂ ಜರ್ಮನ್ ಮಾತನ್ನೂ ಒಟ್ಟಿಗೆ ಕಂಡು, ಒಂದು ಇನ್ನೊಂದರ ಫಲವೆಂದು ಬರೆದುಕೊಂಡು ಹೋಗುತ್ತಿದ್ದರು. ಬಯಲನ್ನು ಅಳೆದದ್ದಕ್ಕೂ ಆ ಮಾತು ಊರಿಗೆ ಬಂದದ್ದಕ್ಕೂ ನಡುವೆ ಎರಡೂವರೆ ಶತಮಾನಗಳಿಗೂ ಹೆಚ್ಚಿನ ಅಂತರವಿತ್ತು.

1918ರಲ್ಲಿ ಜೆಕೊಸ್ಲೊವಾಕಿಯ ಸ್ವತಂತ್ರವಾಯಿತು. 1938ರಲ್ಲಿ ಮ್ಯೂನಿಕ್ ಒಪ್ಪಂದ ಅದರ ಗಡಿಸೀಮೆಗಳನ್ನು ಹಿಟ್ಲರನಿಗೆ ಒಪ್ಪಿಸಿತು. 1939ರ ಮಾರ್ಚಿಯಲ್ಲಿ ಉಳಿದ ಬೊಹಿಮಿಯವೂ ನಾಜಿಗಳ ವಶವಾಯಿತು. ಯುದ್ಧ ಮುಗಿದ ಮೇಲೆ ಅದರ ಸೇಡು ಜರ್ಮನ್ ಮಾತನಾಡುವ ಜನರ ಮೇಲೆ, ತಪ್ಪಿತಸ್ಥರು ನಿರಪರಾಧಿಗಳೆಂಬ ಭೇದವಿಲ್ಲದೆ, ತಿರುಗಿತು. 1945ರ ಬೇಸಗೆಯಲ್ಲಿ ಮೊದಲು ಅಂಕೆಯಿಲ್ಲದೆ, ಪಾಟ್ಸ್‌ಡಾಮ್ ಸಮ್ಮೇಳನದ ತರುವಾಯ 1946ರಲ್ಲಿ ರೈಲುಗಾಡಿಗಳ ಲೆಕ್ಕದಲ್ಲಿ, ಸುಮಾರು 30 ಲಕ್ಷ ಜನರನ್ನು ಆ ದೇಶದಿಂದ ಹೊರಹಾಕಲಾಯಿತು. ಅವರ ಮನೆ, ಹೊಲಗಳು ಸರಕಾರದ ಸ್ವಾಧೀನವಾದವು. ಹೊಲಶೊವಿತ್ಸೆಯ ಒಕ್ಕಲುಗಳೂ ನಾಲ್ಕು ಶತಮಾನಗಳ ಹಿಂದೆ ಅವರ ಪೂರ್ವಿಕರು ಬಂದ ದಿಕ್ಕಿಗೇ ಹೊರಟರು. ಮುಂಗೋಡೆಗಳ ಮೇಲಿನ ವರ್ಷಗಳು ಉಳಿದವು. ಪ್ಲೇಗು ಮಾಡಿದ್ದನ್ನು ಈ ಬಾರಿ ಮನುಷ್ಯರು ಮಾಡಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲವಾದರೂ, ನೆಲೆಯ ಮೇಲಾದ ಪರಿಣಾಮ ಒಂದೇ ಬಗೆಯದು: ಪಾಲುಗಳಿವೆ, ಕೈಗಳಿಲ್ಲ.

ಆದರೆ ಈ ಸಲ ಪಾಲುಗಳನ್ನು ತುಂಬುವ ಮಠ ಇರಲಿಲ್ಲ. 1941ರಲ್ಲಿ ನಾಜಿಗಳು ಮುಚ್ಚಿದ ವಿಶ್ಶಿ ಬ್ರೋದ್ ಮಠ 1945ರಲ್ಲಿ ತೆರೆದು, 1950ರಲ್ಲಿ ಕಮ್ಯೂನಿಸ್ಟ್ ಸರಕಾರದಿಂದ ಮತ್ತೆ ಮುಚ್ಚಿತು; ಸನ್ಯಾಸಿಗಳು ಮರಳಿದ್ದು 1990ರಲ್ಲಿ. ಹಳ್ಳಿಗೆ ಕೆಲವು ಜೆಕ್ ಕುಟುಂಬಗಳು ಬಂದವು, ಹಲವು ಮನೆಗಳು ಬರಿದಾಗಿಯೇ ಉಳಿದವು. ದಕ್ಷಿಣ ಬೊಹಿಮಿಯದ ಹಳ್ಳಿಗಳ ಪಾಡು ಆ ಕಾಲದಲ್ಲಿ ಮೂರು ಬಗೆಯಾಯಿತು. ಬ್ಲಾನ್ಸ್ಕಿ ಲೆಸ್ ಬೆಟ್ಟಗಳಾಚೆಯ ಬೊಲೆತಿತ್ಸೆ ಸೀಮೆಯನ್ನು ಸೈನ್ಯದ ಅಭ್ಯಾಸಕ್ಕೆ ಮೀಸಲಿಟ್ಟರು. ಅಲ್ಲಿ ಊರುಗಳಿಗೆ ಊರುಗಳೇ ನೆಲಸಮವಾದವು. ಜನ ತುಂಬಿದ್ದ ಒಳನಾಡಿನ ಹಳ್ಳಿಗಳಲ್ಲಿ ಸಾಮೂಹಿಕ ಬೇಸಾಯದ ಸಂಘಗಳು ಹೊಲದ ಬದುಗಳನ್ನು ಅಳಿಸಿದವು, ಹಳೆಯ ಮನೆಗಳ ಜಾಗದಲ್ಲಿ ಡಬ್ಬಿಯಾಕಾರದ ಹೊಸ ಮನೆಗಳೂ ಕಾಂಕ್ರೀಟಿನ ಹಟ್ಟಿಗಳೂ ಎದ್ದವು. ಹೊಲಶೊವಿತ್ಸೆ ಈ ಎರಡಕ್ಕೂ ಸೇರಲಿಲ್ಲ. ಕೆಡವುವಷ್ಟು ಮುಖ್ಯವಾಗಿ ಅದು ಯಾರಿಗೂ ಕಾಣಲಿಲ್ಲ. ಹೊಸದಾಗಿ ಕಟ್ಟುವಷ್ಟು ಹಣವಂತರು ಅಲ್ಲಿ ಇರಲಿಲ್ಲ. ಮಾಡು ಸೋರಿತು, ಗಾರೆ ಉದುರಿತು, ನಕ್ಷೆ ಉಳಿಯಿತು.

1990ರ ತರುವಾಯ ಜನ ಮರಳಿ ಬರತೊಡಗಿದರು, ಮನೆಗಳ ಜೀರ್ಣೋದ್ಧಾರ ನಡೆಯಿತು. 1995ರಲ್ಲಿ ಜೆಕ್ ಸರಕಾರ ಊರನ್ನು ಸಂರಕ್ಷಿತ ಗ್ರಾಮಗಳ ಪಟ್ಟಿಗೆ ಸೇರಿಸಿತು. 1998ರ ಡಿಸೆಂಬರಿನಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು. ಅದಕ್ಕೆ ಕೊಟ್ಟ ಕಾರಣಗಳು ಎರಡು: ಎರಡು ಜನಪದ ವಾಸ್ತುಪರಂಪರೆಗಳು ಇಲ್ಲಿ ಕೂಡಿ ಬಾಳಿಕೆಯ ಶೈಲಿಯೊಂದು ಹುಟ್ಟಿತು, ಮಧ್ಯ ಯೂರೋಪಿನ ಸಾಂಪ್ರದಾಯಿಕ ಹಳ್ಳಿಯೊಂದು ಅಸಾಧಾರಣವಾದ ಪೂರ್ಣತೆಯಲ್ಲಿ ಇಲ್ಲಿ ಉಳಿದಿದೆ. ಮೊದಲನೆಯ ಮಾತನ್ನು ನಾವು ಒಪ್ಪುತ್ತೇವೆ. ಎರಡನೆಯದರಲ್ಲಿ ‘ಸಾಂಪ್ರದಾಯಿಕ’ ಎಂಬ ಪದ ನಮ್ಮನ್ನು ತಡೆಯುತ್ತದೆ. ಸಂಪ್ರದಾಯವೆಂದರೆ ಕೈಯಿಂದ ಕೈಗೆ ದಾಟಿಬರುವುದು. ಇಲ್ಲಿ ಕೈಗಳು ಎರಡು ಬಾರಿ ಕಡಿದುಹೋಗಿವೆ. ಇಂದಿನ ನಿವಾಸಿಗಳು ಈ ಮನೆಗಳನ್ನು ಅಜ್ಜಂದಿರಿಂದ ಪಡೆದವರಲ್ಲ. ಅಕ್ಕರೆಯಿಂದ ದುರಸ್ತಿ ಮಾಡಿಕೊಂಡವರು. ಇದರಿಂದ ಅವರ ಕೆಲಸದ ಬೆಲೆ ಕಡಮೆಯಾಗುವುದಿಲ್ಲ. 1530ರ ಬವೇರಿಯದ ಒಕ್ಕಲುಗಳೂ ಇಂಥವರೇ ಆಗಿದ್ದರಲ್ಲವೆ?

ಆದುದರಿಂದ ನಮ್ಮ ವಿದ್ಯಾರ್ಥಿಗಳು ಯಾವುದೇ ಹಳ್ಳಿಯನ್ನು ವಿವರಿಸುವಾಗ ಹೆಸರು, ನಕ್ಷೆ, ಕಟ್ಟಡ, ಜನ ಎಂಬ ನಾಲ್ಕಕ್ಕೂ ಬೇರೆಬೇರೆ ತಾರೀಖು ಹಾಕುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕೆಂದು ಸೂಚಿಸುತ್ತೇವೆ. ಹೊಲಶೊವಿತ್ಸೆಯಲ್ಲಿ ಹೆಸರಿನ ಮತ್ತು ನಕ್ಷೆಯ ತಾರೀಖು ಮಧ್ಯಯುಗದ್ದು, ಕಟ್ಟಡಗಳದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು, ಜನರದು 1945ರ ಈಚಿನದು. ಇವುಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಹೇಳಹೊರಟರೆ ಎಷ್ಟು ದೂರ ಹೋಗುತ್ತೇವೆಂಬುದಕ್ಕೆ ಊರಿನ ಹೊರಗಿನ ಒಂದು ದೃಶ್ಯವೂ ಉದಾಹರಣೆ. ಹೊಲಶೊವಿತ್ಸೆಗೆ ಬರುವ ಪ್ರವಾಸಿಗಳು ಊರಬಯಲನ್ನು ನೋಡಿದ ಮೇಲೆ ಹತ್ತಿರದ ಹುಲ್ಲುಗಾವಲಿನಲ್ಲಿ ದೊಡ್ಡ ಬಂಡೆಗಳನ್ನು ನೆಟ್ಟಗೆ ನಿಲ್ಲಿಸಿ ಮಾಡಿದ ಒಂದು ವೃತ್ತವನ್ನು ಕಾಣುತ್ತಾರೆ. ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಚಿತ್ರವನ್ನು ಬಲ್ಲವರಿಗೆ ಅದು ಇತಿಹಾಸಪೂರ್ವ ಕಾಲದ್ದೆಂದು ತೋರುವುದು ಸಹಜ. ಅದನ್ನು ನಿಲ್ಲಿಸಿದ್ದು 2008ರಲ್ಲಿ.